ಒಳ್ಳು ಇದ್ದ ಜಾಗ

ಕಳೆದ ವಾರ ನಮ್ಮ ಮನೆಯ ಮಿಕ್ಸರು ಮೌನವ್ರತ ಹಿಡಿಯಿತು. ಗುಂಡಿ ತಿರುಗಿಸಿದರೆ ಒಮ್ಮೆ ಗುರ್ ಎಂದು ಗುಡುಗಿ, ಸುಟ್ಟ ವಾಸನೆಯನ್ನು ಅಡುಗೆಮನೆಯ ತುಂಬ ಹರಡಿ, ಮತ್ತೆ ತೆಪ್ಪಗಾಗುತ್ತಿತ್ತು. ರಿಪೇರಿಯ ಅಂಗಡಿಯವನು ಎಂಟು ದಿನದ ವಾಯಿದೆ ಹೇಳಿದ. ಬೇಸಿಗೆಯ ಸೂಟಿಯಲ್ಲಿ ಮನೆಯಲ್ಲೇ ಕುಳಿತು, ಎಂಟು ದಿನ ಹಸಿಮೆಣಸಿನಕಾಯಿಯ ಚಟ್ನಿಯಿಲ್ಲದೆ ರೊಟ್ಟಿ ತಿನ್ನಬೇಕಾದ ಗೃಹಸ್ಥನ ಕಷ್ಟ ಎಂಥದೆಂಬುದನ್ನು ವಾಚಕರು ಬಲ್ಲರು. ನಾನು ಕನ್ನಡದ ಅಧ್ಯಾಪಕ. ಹಳೆಯದನ್ನು ಹೊಗಳುವುದು ನನ್ನ ವೃತ್ತಿಧರ್ಮ. ಆದುದರಿಂದ, ಯಂತ್ರವನ್ನು ನಂಬಿ ನಾವು ಕೆಟ್ಟೆವೆಂದೂ, ನಮ್ಮ ಅಜ್ಜಿ ಒಳ್ಳಿನಲ್ಲಿ ರುಬ್ಬಿದ ಚಟ್ನಿಯ ಸ್ವಾದ ಈ ತಿರುಗುವ ತಗಡಿಗೆ ಬರುವುದು ಸಾಧ್ಯವಿಲ್ಲವೆಂದೂ ಸಣ್ಣದೊಂದು ಉಪನ್ಯಾಸ ಕೊಟ್ಟೆ. ನನ್ನ ಹೆಂಡತಿ ಅದನ್ನು ತಾಳ್ಮೆಯಿಂದ ಆಲಿಸಿ ಒಂದೇ ಪ್ರಶ್ನೆ ಕೇಳಿದಳು:

"ಎಲ್ಲೈತಿ ಆ ಒಳ್ಳು?"

ಉತ್ತರ ನನಗೆ ಗೊತ್ತಿತ್ತು. ಹೇಳುವ ಮನಸ್ಸಾಗಲಿಲ್ಲ.

ಒಳ್ಳು ಎಂದರೆ ಮೈಸೂರಿನ ಕಡೆಯವರ ಒರಳು. ಈಗ ಪೇಟೆಗಳಲ್ಲಿ ಸಿಕ್ಕುವ, ಎತ್ತಿ ಇತ್ತಿಂದತ್ತ ಇಡಬಹುದಾದ ಕಲ್ಲಲ್ಲ. ಬಾಗಲಕೋಟೆಯ ಹಳೆಯ ಊರಿನ ನಮ್ಮ ಮನೆಯಲ್ಲಿ ಒಳ್ಳನ್ನು ನೆಲದಲ್ಲಿ ಹೂತಿದ್ದರು. ಹಾಸುಗಲ್ಲಿನ ನಡುವೆ ಅದರ ದುಂಡನೆಯ ಬಾಯಿ ಮಾತ್ರ ಕಾಣುತ್ತಿತ್ತು, ಮೈಯೆಲ್ಲ ಭೂಮಿಯೊಳಗೆ. ಮುತ್ತಜ್ಜ ಮನೆ ಕಟ್ಟಿಸುವಾಗ ಮೊದಲು ಒಳ್ಳು ಕೂಡಿಸಿ ಆಮೇಲೆ ಅದರ ಸುತ್ತ ಹಾಸುಗಲ್ಲು ಹಾಸಿದರಂತೆ. ಹೀಗಾಗಿ ನಮ್ಮ ಅಡುಗೆಮನೆಯೊಳಗೆ ಒಳ್ಳು ಇತ್ತು ಎನ್ನುವುದಕ್ಕಿಂತ, ಒಳ್ಳಿನ ಸುತ್ತ ಅಡುಗೆಮನೆ ಇತ್ತು ಎಂದರೆ ಸರಿಯಾದೀತು. ಅಜ್ಜಿ ಒಂದು ಕಾಲು ಮಡಿಚಿ ಇನ್ನೊಂದು ಕಾಲು ಚಾಚಿ ಅದರ ಮುಂದೆ ಕುಳಿತಳೆಂದರೆ ಮನೆಯ ವ್ಯವಹಾರಗಳೆಲ್ಲ ಅಲ್ಲಿಂದಲೇ ನಡೆಯುತ್ತಿದ್ದವು. ಹಾಲಿನವನ ಲೆಕ್ಕ, ಸೊಸೆಯಂದಿರ ತಗಾದೆ, ಹುಡುಗರ ಪರೀಕ್ಷೆಯ ಫಲಿತಾಂಶ ಎಲ್ಲವೂ ಗುಂಡುಕಲ್ಲಿನ ಗರಗರ ಸದ್ದಿನ ನಡುವೆ ಇತ್ಯರ್ಥವಾಗುತ್ತಿದ್ದವು. ಹಬ್ಬದ ದಿನ ಅದಕ್ಕೂ ಅರಿಸಿನ ಕುಂಕುಮ, ಎರಡು ಹೂವು.

ಈ ಒಳ್ಳಿನ ನೆನಪು ನನ್ನನ್ನು ಒಯ್ಯುವುದು ಊರಿಗಲ್ಲ, ವಿಚಿತ್ರವೆನ್ನಿಸಬಹುದು, ಕೊಚ್ಚಿಗೆ. 2012ರ ಡಿಸೆಂಬರ್ 12ರಂದು ಅಲ್ಲಿ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಎಂಬ ಕಲಾಮೇಳ ಮೊದಲ ಸಲ ಆರಂಭವಾಯಿತು. ನಾನಾಗ ಎಂ. ಎ. ವಿದ್ಯಾರ್ಥಿ. ಸಹಪಾಠಿಗಳು ಕೇರಳದ ಪ್ರವಾಸ ಹೊರಟಾಗ, ಹಡಗು ನೋಡುವ ಆಸೆಯಿಂದ ಜೊತೆಗೂಡಿದವನೇ ಹೊರತು ಕಲೆಯ ಹಂಬಲ ನನಗೇನೂ ಇರಲಿಲ್ಲ. ಫೋರ್ಟ್ ಕೊಚ್ಚಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಆಸ್ಪಿನ್‌ವಾಲ್ ಹೌಸ್ ಎಂಬ ಹಳೆಯ ವ್ಯಾಪಾರಿ ಕೋಠಿಯಿದೆ. ಒಂದು ಕಾಲಕ್ಕೆ ಮೆಣಸು, ನಾರು, ತೆಂಗಿನೆಣ್ಣೆಗಳು ಅಲ್ಲಿಂದ ಹಡಗು ಹತ್ತುತ್ತಿದ್ದವು. ಆ ಕೋಠಿಯ ಆವರಣದಲ್ಲಿ ನಾನು ಕಂಡದ್ದೇನು? ಒರಳುಗಳು! ಒಂದಲ್ಲ, ಎರಡಲ್ಲ, ನೂರಕ್ಕೂ ಮಿಕ್ಕ ಕಗ್ಗಲ್ಲಿನ ಒರಳುಗಳು, ಸಂತೆಗೆ ಬಂದು ಸವಾರಿ ಸಿಕ್ಕದೆ ಕುಳಿತ ಮುದುಕಿಯರ ಹಾಗೆ.

ಅವು ಬೆಂಗಳೂರಿನಿಂದ ಬಂದವೆಂದು ತಿಳಿಯಿತು. ಕೃತಿಯ ಹೆಸರು 'ಸ್ಟಾಪೋವರ್'. ನಡುದಾರಿಯ ತಂಗುವಿಕೆ ಎನ್ನೋಣ. ಮಾಡಿದವರು ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್. ಶೀಲಾ ಗೌಡರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜುಗಳಲ್ಲಿ ಕಲಿತು, ವೆನಿಸ್ಸಿನ ಮೇಳದವರೆಗೂ ಹೋಗಿಬಂದ ಕನ್ನಡನಾಡಿನ ಕಲಾವಿದೆ. ಬೆಂಗಳೂರಿನಲ್ಲಿ ಹಳೆಯ ಮನೆಗಳನ್ನು ಕೆಡವಿ ಮಹಡಿಗಳನ್ನು ಎಬ್ಬಿಸುವಾಗ ಅಡುಗೆಮನೆಯ ಒರಳುಗಳು ಬೀದಿಯ ಪಾಲಾಗುತ್ತವೆ. ಹೊಸ ಮನೆಯಲ್ಲಿ ಅವಕ್ಕೆ ಎಡೆಯಿಲ್ಲ. ಒಡೆದು ಹಾಕಲು ಕೈ ಬಾರದು. ಅನ್ನ ಕೊಟ್ಟ ಕಲ್ಲು. ಆದುದರಿಂದ ಜನ ಅವನ್ನು ಮೆಲ್ಲನೆ ರಸ್ತೆಯ ಪಕ್ಕಕ್ಕೆ ಸರಿಸಿಟ್ಟು, ಹಿಂದೆ ನೋಡದೆ ಒಳಗೆ ಹೋಗಿಬಿಡುತ್ತಾರೆ. ಅಂಥ ಅನಾಥ ಕಲ್ಲುಗಳನ್ನೇ ಈ ಇಬ್ಬರೂ ಒಟ್ಟುಗೂಡಿಸಿ ಕಡಲತೀರಕ್ಕೆ ತಂದಿದ್ದರು.

ನನ್ನ ಜೊತೆಗಿದ್ದ ಮಿತ್ರನೊಬ್ಬ, "ಇದರಲ್ಲಿ ಕಲೆ ಏನು ಬಂತು? ಲಾರಿಯವನ ಖರ್ಚು ಬಂತು" ಎಂದ. ನಾನು ನಗಲಿಲ್ಲ. ಒಂದು ಒರಳಿನ ಬಾಯಿಯ ಅಂಚು ಒಂದೇ ಕಡೆ ಹೆಚ್ಚು ಸವೆದಿತ್ತು. ನಮ್ಮ ಅಜ್ಜಿಯ ಒಳ್ಳೂ ಹಾಗೆಯೇ ಎಡಬದಿಗೆ ಸವೆದಿತ್ತು, ಅವಳು ಎಡಚಿ. ಈ ಕಲ್ಲಿನ ಮುಂದೆ ಕುಳಿತಿದ್ದವಳು ಯಾರು, ಯಾವ ಬೀದಿಯಲ್ಲಿ, ಯಾವ ಕಿಟಕಿಯ ಕಡೆಗೆ ಮುಖ ಮಾಡಿ? ಈ ಪ್ರಶ್ನೆಗಳು ಬೆಂಗಳೂರಿನ ರಸ್ತೆಯ ಬದಿಯಲ್ಲಿ ಅದೇ ಕಲ್ಲನ್ನು ಕಂಡಿದ್ದರೆ ನನಗೆ ಹುಟ್ಟುತ್ತಿರಲಿಲ್ಲ. ಅದು ಇರಬಾರದ ಜಾಗದಲ್ಲಿ ಇದ್ದುದರಿಂದಲೇ ಅದು ಇದ್ದ ಜಾಗ ನೆನಪಿಗೆ ಬಂತು.

ಇಂಗ್ಲಿಷಿನಲ್ಲಿ ಇದಕ್ಕೆ ಇನ್‌ಸ್ಟಲೇಶನ್ ಎನ್ನುತ್ತಾರೆ. ಕನ್ನಡದ ವಿಮರ್ಶಕರು ಪ್ರತಿಷ್ಠಾಪನಾ ಕಲೆ ಎಂದು ಕರೆದಿದ್ದಾರೆ. ಹೆಸರು ಕೇಳಿ ಮನೆಯವರು ಗಾಬರಿಯಾಗುವ ಕಾರಣವಿಲ್ಲ. ಚಿತ್ರವನ್ನು ಗೋಡೆಗೆ ತೂಗುಹಾಕಿ ದೂರ ನಿಂತು ನೋಡುತ್ತೇವೆ. ಶಿಲ್ಪವನ್ನು ಸುತ್ತುಹಾಕಿ ನೋಡುತ್ತೇವೆ. ಈ ಬಗೆಯ ಕೃತಿಯ ಒಳಗೇ ಹೊಕ್ಕು ನೋಡಬೇಕು. ವಸ್ತು, ಅದು ಇರುವ ಎಡೆ, ಬೆಳಕು, ನಾವು ಹೆಜ್ಜೆಯಿಡುವ ನೆಲ ಎಲ್ಲ ಸೇರಿ ಕೃತಿ. ದಸರೆಗೆ ಗೊಂಬೆ ಕೂಡಿಸುವ ನಮ್ಮ ತಾಯಂದಿರೂ ಚೌತಿಗೆ ಗಣಪತಿಯ ಮಂಟಪ ಕಟ್ಟುವ ಓಣಿಯ ಹುಡುಗರೂ ಈ ವಿದ್ಯೆಯನ್ನು ಹೆಸರು ತಿಳಿಯದೆ ನಡೆಸಿಕೊಂಡು ಬಂದವರೇ. ಪ್ರತಿಷ್ಠಾಪನೆ ಎಂಬ ಮಾತು ಮಾತ್ರ ನನಗೆ ಒಂದು ಬಗೆಯ ಚೇಷ್ಟೆಯಂತೆ ಕೇಳುತ್ತದೆ. ಗುಡಿಯಲ್ಲಿ ಮೂಲಮೂರ್ತಿಯನ್ನು ಪ್ರತಿಷ್ಠಾಪಿಸಿದರೆ ಅದು ಕದಲಬಾರದು. ಊರು ತಿರುಗುವ ಕೆಲಸ ಉತ್ಸವಮೂರ್ತಿಯದು. ಈ ಕಲೆಯಾದರೋ ಕದಲಬಾರದ್ದನ್ನು ಕದಲಿಸಿ, ತಿಂಗಳ ಮಟ್ಟಿಗೆ ಪ್ರತಿಷ್ಠಾಪಿಸಿ, ಮತ್ತೆ ಕಟ್ಟಿಕೊಂಡು ಹೊರಡುತ್ತದೆ.

ನಮ್ಮ ಮನೆಯ ಒಳ್ಳು ಕೊಚ್ಚಿಗೆ ಹೋಗಲಿಲ್ಲ. ನಾವೇ ಹೊರಟೆವು.

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು. ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿಗಳು. ಕೆಲವೇ ದಿನಗಳಲ್ಲಿ ಅವರು ಪ್ರಧಾನಿಯಾದರು, ಜಲಾಶಯಕ್ಕೂ ಅವರದೇ ಹೆಸರಾಯಿತು. ಅಡಿಗಲ್ಲಿನಿಂದ ನೀರು ನಿಲ್ಲುವವರೆಗೆ ಒಂದು ತಲೆಮಾರು ಕಳೆಯಿತು. ಈ ಕಾಲದಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿದ ಮಗುವಿಗೆ ಊರು ಮುಳುಗುತ್ತದೆಂಬುದು ಜೋಗುಳದ ಜೊತೆಗೇ ತಿಳಿಯುತ್ತಿತ್ತು. ಮನೆಗೆ ಸುಣ್ಣ ಬಳಿಯಬೇಕೆಂದರೆ, "ಹೆಂಗಿದ್ರೂ ಮುಳಗೂದಲ್ಲ" ಎಂಬ ಮಾತು. ಸೋರುವ ಮಾಳಿಗೆಗೆ ಮಣ್ಣು ಹಾಕಿಸಬೇಕೆಂದರೂ ಅದೇ ಮಾತು. ನೀರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಊರು ಮುಳುಗತೊಡಗಿತ್ತು. ಕೃಷ್ಣೆ ತಡೆದು ನಿಂತಾಗ ಆ ಹಿನ್ನೀರು ಘಟಪ್ರಭೆಯ ಪಾತ್ರವನ್ನು ಹತ್ತಿ ನಮ್ಮ ಊರಿನ ಬಾಗಿಲಿಗೆ ಬರುವುದೆಂದು ಅಧಿಕಾರಿಗಳು ನಕ್ಷೆಯಲ್ಲಿ ಗೆರೆ ಎಳೆದಿದ್ದರು. ನಮ್ಮ ಮನೆ ಗೆರೆಯ ಒಳಗಿತ್ತು.

ಮನೆ ಅಳೆಯಲು ಬಂದವರು ಸಭ್ಯರು. ಅಜ್ಜಿ ಕೊಟ್ಟ ಚಹಾ ಕುಡಿದರು. ಗೋಡೆ ಇಷ್ಟು, ಮಾಳಿಗೆ ಇಷ್ಟು, ಸಾಗುವಾನಿಯ ಬಾಗಿಲು, ಕಿಟಕಿ, ಹಿತ್ತಿಲ ನುಗ್ಗೆಯ ಮರ, ಎಲ್ಲಕ್ಕೂ ಕಾಗದದಲ್ಲಿ ಒಂದೊಂದು ಮನೆಯಿತ್ತು. ಒಳ್ಳಿಗೆ ಇರಲಿಲ್ಲ. ಅದು ಕಟ್ಟಡವೂ ಅಲ್ಲ, ಸಾಮಾನೂ ಅಲ್ಲ. 2001ರ ಬೇಸಿಗೆಯಲ್ಲಿ ನಮ್ಮಪ್ಪ ಮನೆ ಬಿಚ್ಚಿಸಿದರು. ನಾನು ಎಂಟನೆಯ ತರಗತಿಗೆ ಹೋಗುವ ಹುಡುಗ. ಜಂತಿ, ತೊಲೆ, ಚೌಕಟ್ಟು, ಹಾಸುಗಲ್ಲು ಇವೆಲ್ಲ ಚಕ್ಕಡಿ ಏರಿದವು. ಕೂಲಿಯವರು ಒಳ್ಳಿನ ಸುತ್ತ ಹಾರೆ ಹಾಕಿದರು. ಮೊಳ ತೋಡಿದರೂ ಅದರ ಬುಡ ಸಿಕ್ಕಲಿಲ್ಲ. ಹಾರೆ ಇಟ್ಟಲ್ಲೆಲ್ಲ ಕಿಡಿ. ಅಜ್ಜಿ ಬೇವಿನ ಮರದ ನೆರಳಿನಿಂದ ಎದ್ದುಬಂದು, "ಸಾಕ್ ಬಿಡ್ರಪಾ, ಅದಕ್ಕ ಬ್ಯಾನಿ ಆಗ್ತೈತಿ" ಎಂದಳು. ಕಲ್ಲಿಗೆ ನೋವಾಗುತ್ತದೆಂದು ಯಾರೂ ನಂಬಲಿಲ್ಲ. ಆದರೂ ಹಾರೆ ಕೆಳಗಿಟ್ಟರು. ಗುಂಡುಕಲ್ಲನ್ನು ಮಾತ್ರ ಅವಳು ತನ್ನ ಹಳೆಯ ಇಲಕಲ್ಲ ಸೀರೆಯಲ್ಲಿ ಸುತ್ತಿಕೊಂಡು ಬಂದಳು. ಒಳ್ಳಿಲ್ಲದ ಗುಂಡು ನವನಗರದ ಮನೆಯಲ್ಲಿ ಬಹಳ ದಿನ ಬಾಗಿಲಿಗೆ ಆಸರೆಯಾಗಿ ಬಿದ್ದಿತ್ತು.

ನವನಗರವನ್ನು ನಾನು ಹಳಿಯಲಾರೆ. ನಾನು ಬೆಳೆದದ್ದು ಅಲ್ಲಿ; ಅಗಲವಾದ ರಸ್ತೆ, ಗಾಳಿ, ಬೆಳಕು, ನಳದಲ್ಲಿ ನೀರು. ಅದರ ಯೋಜನೆಯಲ್ಲಿ ಕೈಯಾಡಿಸಿದವರು ಸಾಮಾನ್ಯರಲ್ಲ, ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನವಿ ಮುಂಬಯಿಯ ಕಲ್ಪನೆಯಲ್ಲಿ ಪಾಲುಗೊಂಡವರು. ಸುಮಾರು 1 ಲಕ್ಷ ಜನರಿಗಾಗಿ ಅವರು ಹೊಸ ಬಾಗಲಕೋಟೆಯನ್ನು ಚಿತ್ರಿಸಿದರು. ಆದರೆ ಓಣಿಗಳ ಹೆಸರು ಚಕ್ಕಡಿ ಏರಿ ಬರಲಿಲ್ಲ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಯವರೆಲ್ಲ ಸೆಕ್ಟರು ಸಂಖ್ಯೆಗಳಾದರು. ನಮ್ಮ ಅಜ್ಜಿಗೆ ಅಂಕಿ ಬಾರದು. ಒಮ್ಮೆ ಗುಡಿಗೆ ಹೋದವಳು ಮನೆ ತಪ್ಪಿ, ಎಲ್ಲ ಮನೆಗಳೂ ಒಂದೇ ಬಗೆಯವಾಗಿ ಕಂಡು, ಸಂಜೆಯವರೆಗೆ ಯಾರದೋ ಕಟ್ಟೆಯ ಮೇಲೆ ಕುಳಿತಿದ್ದಳು. ಕಂಡವರು ಸೆಕ್ಟರು ಎಷ್ಟೆಂದು ಕೇಳಿದರೆ ಅವಳು ಓಣಿಯ ಹೆಸರು ಹೇಳಿದಳಂತೆ. ಆ ಓಣಿ ಆಗಲೇ ಇರಲಿಲ್ಲ. ಆದರೂ ಆ ಹೆಸರು ಕೇಳಿಯೇ ಒಬ್ಬರು ಅವಳನ್ನು ಮನೆಗೆ ಮುಟ್ಟಿಸಿದರು.

ಇಂದಿಗೂ ನಮ್ಮಲ್ಲಿ ಹೊಸಬರ ಪರಿಚಯವಾದಾಗ ಮೊದಲ ಪ್ರಶ್ನೆ, "ಹಳೇ ಊರಾಗ ಯಾವ ಓಣಿ?" ಹೋಳಿಹುಣ್ಣಿಮೆ ಬಂದಾಗಲಂತೂ ಸೆಕ್ಟರುಗಳು ಆವಿಯಾಗಿಬಿಡುತ್ತವೆ. ಬಾಗಲಕೋಟೆಯ ಹೋಳಿ ನಾಡಿಗೇ ಹೆಸರಾದದ್ದು. ಹಲಗೆಯ ಮೇಳ, ಪೀಪಾಯಿಗಟ್ಟಲೆ ಬಣ್ಣದ ನೀರು ಹೊತ್ತ ಬಂಡಿಗಳ ಸಾಲು. ಪೇಟೆಗಳ ಸರದಿ ಹಿಂದಿನ ಹಾಗೆಯೇ. ನವನಗರದಲ್ಲಿ ಹುಟ್ಟಿದ ಹುಡುಗರು ತಾವೆಂದೂ ವಾಸಿಸದ ಪೇಟೆಯ ಪರವಾಗಿ ಹಲಗೆ ಬಾರಿಸಿ ಅಂಗೈ ಒಡೆದುಕೊಳ್ಳುತ್ತಾರೆ. ಊರು ಹೋದ ಮೇಲೂ ಊರಿನ ನಕ್ಷೆ ಸದ್ದಿನಲ್ಲಿ ಉಳಿದಿದೆ.

ಮನೆ ಬಿಚ್ಚಿದ ದಿನ ನಾನು ಕಂಡ ಇನ್ನೊಂದು ನೋಟವನ್ನು ಇಲ್ಲಿ ಹೇಳಬೇಕು. ಪಕ್ಕದ ಮನೆಯವರು ನಮಗಿಂತ ಮೊದಲು ತಮ್ಮ ಗೋಡೆ ಬೀಳಿಸಿದ್ದರು. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಹೀಗಾಗಿ ಅವರ ದೇವರ ಗೂಡು, ದೀಪದ ಮಸಿ, ಮಕ್ಕಳ ಎತ್ತರ ಅಳೆದು ಎಳೆದ ಇದ್ದಲಿನ ಗೆರೆಗಳು ಎಲ್ಲ ನಮ್ಮ ಗೋಡೆಯ ಬೆನ್ನಿಗೆ ಅಂಟಿಕೊಂಡು ಬೀದಿಗೆ ಬಿದ್ದಿದ್ದವು. ಒಳಗಿದ್ದುದು ಹೊರಗಾಗಿತ್ತು. ಪಕ್ಕದ ಮನೆಯ ಕಾಕೂ ಅದನ್ನು ಕಂಡು ಸೆರಗಿನಿಂದ ಮುಖ ಮುಚ್ಚಿಕೊಂಡರು. ದುಃಖಕ್ಕಿಂತ ನಾಚಿಕೆ ಹೆಚ್ಚಿತ್ತೆಂದು ನನ್ನ ನೆನಪು.

ಎಷ್ಟೋ ವರ್ಷಗಳ ಮೇಲೆ, ಲಂಡನ್ನಿನ ರೇಚಲ್ ವೈಟ್‌ರೀಡ್ ಎಂಬಾಕೆಯ 'ಹೌಸ್' ಎಂಬ ಕೃತಿಯ ಛಾಯಾಚಿತ್ರವನ್ನು ಕಂಡಾಗ ಆ ಗೋಡೆಯೇ ಕಣ್ಣಿಗೆ ಕಟ್ಟಿತು. ಲಂಡನ್ನಿನ ಪೂರ್ವಭಾಗದಲ್ಲಿ ಗ್ರೋವ್ ರೋಡ್ ಎಂಬಲ್ಲಿ ಒಂದು ಸಾಲಿನ ಮನೆಗಳನ್ನೆಲ್ಲ ಕೆಡವಿ ಒಂದೇ ಒಂದು ಮನೆ ಉಳಿದಿತ್ತು. ಆಕೆ ಆ ಮನೆಯ ಒಳಗೆ ಕಾಂಕ್ರೀಟು ಸಿಂಪಡಿಸಿ ಗಟ್ಟಿಯಾಗಿಸಿ, ಆಮೇಲೆ ಹೊರಗಿನ ಇಟ್ಟಿಗೆಗಳನ್ನೆಲ್ಲ ಕಿತ್ತುಹಾಕಿದಳು. ಉಳಿದದ್ದು ಮನೆಯಲ್ಲ, ಮನೆಯೊಳಗಿನ ಬಯಲು. ಒಲೆಯ ಗೂಡು ಹೊರಕ್ಕೆ ಉಬ್ಬಿತ್ತು. ಬಾಗಿಲಿನ ಗುರುತಿತ್ತು, ಒಳಗೆ ಹೋಗುವ ದಾರಿಯಿರಲಿಲ್ಲ. 1993ರ ಅಕ್ಟೋಬರಿನಲ್ಲಿ ಮುಗಿದ ಆ ಕೃತಿಗಾಗಿ ಆಕೆಗೆ ಅದೇ ವರ್ಷ ಅಲ್ಲಿನ ದೊಡ್ಡ ಬಹುಮಾನವಾದ ಟರ್ನರ್ ಪ್ರಶಸ್ತಿ ಬಂತು. 1994ರ ಜನವರಿ 11ರಂದು ಸ್ಥಳೀಯ ಆಡಳಿತದವರು ಅದನ್ನೂ ನೆಲಸಮ ಮಾಡಿಸಿದರು. ಪ್ರಶಸ್ತಿ ಕೊಟ್ಟ ಊರೇ ಕೆಡವಿತು. ಇದನ್ನು ಓದಿ ನನಗೆ ಒಂದು ಬಗೆಯ ದುಷ್ಟ ಸಮಾಧಾನವಾದದ್ದು ನಿಜ. ಲಂಡನ್ನಿನಲ್ಲೂ ಗೆರೆಯ ಒಳಗಿನ ಮನೆ ಗೆರೆಯ ಒಳಗಿನ ಮನೆಯೇ.

ಇಂಥವನ್ನೆಲ್ಲ ತರಗತಿಯಲ್ಲಿ ಹೇಳುವ ದುರಭ್ಯಾಸ ನನಗಿದೆ. ಕಳೆದ ವರ್ಷ ಹೀಗೆಯೇ ವಚನಗಳ ಪಾಠ ಮಾಡುತ್ತ ಸ್ಥಾವರ, ಜಂಗಮ ಎಂಬ ಶಬ್ದಗಳಿಗೆ ಬಂದಾಗ ಮಾತು ಕೂಡಲಸಂಗಮಕ್ಕೆ ಹೊರಳಿತು. ಕೃಷ್ಣೆ ಮಲಪ್ರಭೆಗಳು ಕೂಡುವ ಆ ಜಾಗ ನಮ್ಮ ಹುನಗುಂದದ ಸೀಮೆಯದೇ. ಹಿನ್ನೀರಿನಲ್ಲಿ ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ಅದರ ಸುತ್ತ ಭಾವಿಯಂತೆ ದುಂಡನೆಯ ಗೋಡೆ ಎಬ್ಬಿಸಿದ್ದಾರೆ. ಸುತ್ತ ನೀರು, ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ಲಿಂಗವನ್ನು ಕಾಣಬೇಕು. ನನಗೆ ಆ ಒಣನೆಲ ನಮ್ಮ ಸೀಮೆಯ ಅತ್ಯಂತ ಆಶ್ಚರ್ಯಕರವಾದ ಎಡೆಗಳಲ್ಲಿ ಒಂದು. ಲಿಂಗವನ್ನು ಎತ್ತಿ ದಡದ ಮೇಲೆ ಇಡುವುದು ಸುಲಭವಿತ್ತು. ಇಡಲಿಲ್ಲ, ಏಕೆಂದರೆ ಅಲ್ಲಿ ಕಾಯಬೇಕಾದದ್ದು ಕಲ್ಲಲ್ಲ, ಜಾಗ. ಸ್ಥಾವರವನ್ನು ನೆಚ್ಚದ ಮಹಾಪುರುಷನ ಸ್ಥಾವರವನ್ನು ಕಾಯಲು ನಾವು ಇಷ್ಟು ಪಾಡುಪಟ್ಟೆವಲ್ಲ ಎಂದು ವ್ಯಂಗ್ಯವಾಡುವವರಿದ್ದಾರೆ. ನಾನು ಆಡಲಾರೆ. ಒಂದು ಜಾಗ ಮತ್ತೊಂದಕ್ಕೆ ಸಾಟಿಯಲ್ಲವೆಂಬುದು ಸರಕಾರಕ್ಕೂ ಒಮ್ಮೆಯಾದರೂ ಹೊಳೆಯಿತೆಂಬುದೇ ನನಗೆ ದೊಡ್ಡದು.

ಆ ದಿನ ಹುಡುಗರಿಗೆ ಒಂದು ಕೆಲಸ ಹೇಳಿದೆ. ನಿಮ್ಮ ಮನೆಯಲ್ಲಿ, ಈಗ ಇಲ್ಲದ ಒಂದು ಜಾಗದಿಂದ ಬಂದ ವಸ್ತು ಯಾವುದಾದರೂ ಇದ್ದರೆ ತನ್ನಿ. ಕಾಲೇಜಿನ ಹಳೆಯ ಸಭಾಂಗಣದ ನೆಲದ ಮೇಲೆ ಸುಣ್ಣದಿಂದ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳನ್ನು ಬರೆದೆವು. ಮನೆಯ ಹಿರಿಯರನ್ನು ಕೇಳಿಬಂದು, ಅವರವರ ಊರು ಇದ್ದಲ್ಲಿ ಅವರವರ ವಸ್ತು ಇಡಬೇಕು. ಬಾಗಿಲಿಲ್ಲದ ಬೀಗದ ಕೈಗಳೇ ಹನ್ನೊಂದು ಬಂದವು! ಕೊಡಲಿಯ ಕಾವು, ತೊಟ್ಟಿಲ ಸರಪಳಿ, ಕಲಾದಗಿಯ ಹೊಳೆದಂಡೆಯ ತೋಟದ ಒಣಗಿದ ಚಿಕ್ಕುವಿನ ಕೊಂಬೆ, ಭೂಸ್ವಾಧೀನದ ನೋಟೀಸಿನ ಮೇಲೆ ಬರೆದ ಮಗುವಿನ ಜಾತಕ. ಪ್ರಾಚಾರ್ಯರು ಬಾಗಿಲಲ್ಲಿ ನಿಂತು, "ಏನ್ರಿ ಇದು, ಗುಜರಿ ಅಂಗಡಿ?" ಎಂದರು. ಆಮೇಲೆ ಒಳಗೆ ಬಂದರು. ಆಮೇಲೆ ಚಪ್ಪಲಿ ಬಿಟ್ಟು ಬಂದರು. ಮರುದಿನ ತಮ್ಮ ತಂದೆಯ ಕಾಲದ ಒಂದು ಹಿತ್ತಾಳೆಯ ಚಿಲಕ ತಂದು, ಯಾರೂ ಇಲ್ಲದಾಗ, ಘಟಪ್ರಭೆಯ ಬದಿಗೆ ಇಟ್ಟು ಹೋದರು.

ಕಲಾದಗಿಯ ಹೆಸರು ಬಂದಿತಲ್ಲ. ಅದೂ ಸ್ಥಳಾಂತರದ ರುಚಿ ಕಂಡ ಊರೇ. ಬ್ರಿಟಿಷರ ಕಾಲದಲ್ಲಿ ಕಲಾದಗಿ ಎಂಬುದೊಂದು ಜಿಲ್ಲೆಯೇ ಇತ್ತು. 1885ರಲ್ಲಿ ಕಚೇರಿಗಳೆಲ್ಲ ಬಿಜಾಪುರಕ್ಕೆ ಹೊರಟುಹೋದವು. ಅಧಿಕಾರ ಹೋದ ಮೇಲೆ ಊರು ದಾಳಿಂಬೆ, ಚಿಕ್ಕು, ಪೇರಲಗಳನ್ನು ಬೆಳೆಯಿತು. ಕಚೇರಿಗಳನ್ನು ಎಲ್ಲಿಗಾದರೂ ಒಯ್ಯಬಹುದು, ತೋಟವನ್ನಲ್ಲ.

ಇಲಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಅಂದು ಬರಿಗೈಯಲ್ಲಿ ಬಂದಿದ್ದಳು. "ನಮ್ಮ ಊರು ಮುಳುಗಿಲ್ರಿ ಸರ್, ನಾ ಏನ್ ತರ್ಲಿ?" ಎಂದಳು. ನಾನು ಅವಳಿಗೆ ದೊ ಹೊ ಸುಹ್ ಎಂಬ ಕೊರಿಯಾದ ಕಲಾವಿದನ ಕಥೆ ಹೇಳಿದೆ. 1962ರಲ್ಲಿ ಸಿಯೋಲಿನಲ್ಲಿ ಹುಟ್ಟಿದ ಆತ 1991ರಲ್ಲಿ ಅಮೆರಿಕೆಗೆ ಹೋದ. ತಾಯ್ನಾಡಿನ ಮನೆ ಬಿಟ್ಟಿರಲಾರದೆ, ತಾನು ಬೆಳೆದ ಮನೆಯನ್ನು ಅಳತೆಗೆ ಅಳತೆ ಹಿಡಿದು, ತೆಳುವಾದ ಹಸಿರು ರೇಷ್ಮೆಯಲ್ಲಿ ಹೊಲಿದುಬಿಟ್ಟ. 1999ರಲ್ಲಿ ಅದನ್ನು ಲಾಸ್ ಏಂಜಲೀಸಿನಲ್ಲಿ ಸೂರಿನಿಂದ ತೂಗಿಬಿಟ್ಟಾಗ, ಜನ ಅದರ ಕೆಳಗೆ ನಿಂತು ಗಾಳಿಗೆ ಅಲುಗುವ ಮನೆಯನ್ನು ಕಂಡರು. ಮಡಿಸಿದರೆ ಪೆಟ್ಟಿಗೆಯಲ್ಲಿ ಹಿಡಿಸುವ ಮನೆ! ಹುಡುಗಿ ಮರುದಿನ ಅರ್ಧ ನೇಯ್ದ ಸೀರೆಯೊಂದನ್ನು ತಂದಳು. ಇಲಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಕೊಂಡಿ ಹಾಕುವ ಕೆಲಸ ಅವಳ ಅಜ್ಜಿಯದಂತೆ. ಎಲ್ಲಿ ಇಡುವೆಯೆಂದು ಕೇಳಿದೆ. ಅವಳು ಸೀರೆಯ ಒಡಲನ್ನು ನದಿಯ ಈಚೆಗೂ ಸೆರಗನ್ನು ಆಚೆಗೂ ಹಾಸಿ, ಕೊಂಡಿಯನ್ನು ಸರಿಯಾಗಿ ನೀರಿನ ಮೇಲೆ ಇಟ್ಟಳು. ನಾನು ಕಲಾಶಾಲೆಯಲ್ಲಿ ಓದಿದವನಲ್ಲ. ಆದರೂ ಆ ಸಭಾಂಗಣದಲ್ಲಿ ಕಲಾವಿದೆಯೊಬ್ಬಳಿದ್ದರೆ ಅವಳೇ.

ಇನ್ನೊಬ್ಬ ಹುಡುಗ ತಂದದ್ದು ತಾಡಪತ್ರೆಯ ಒಂದು ತುಂಡು. ಅವನ ತಂದೆತಾಯಿ ವರ್ಷದ ಆರು ತಿಂಗಳು ಗುಳೆ ಹೋಗುವವರು. ಬೆಂಗಳೂರು, ಗೋವೆ, ಕಬ್ಬಿನ ಸೀಮೆ. "ಇದನ್ನ ಎಲ್ಲಿ ಇಡ್ಲಿ ಸರ್? ನಮ್ಮ ಮನಿ ಪ್ರತಿ ವರ್ಷ ಬ್ಯಾರೆ ಕಡೆ ಇರ್ತೈತಿ." ಶೀಲಾ ಗೌಡರೇ 2006ರಲ್ಲಿ ಡಾಂಬರಿನ ಪೀಪಾಯಿಗಳನ್ನು ಜೋಡಿಸಿ, ಬಡಿದು ತಗಡು ಮಾಡಿ, 'ಡಾರ್ಕ್ ರೂಮ್' ಎಂಬ ಕೋಣೆ ಕಟ್ಟಿದ್ದರು. ರಸ್ತೆ ಮಾಡುವ ಕೂಲಿಗಳು ಅಂಥ ತಗಡುಗಳಿಂದಲೇ ಗುಡಿಸಲು ಹಾಕಿಕೊಳ್ಳುತ್ತಾರೆ. ನೋಡುವವರು ಬಗ್ಗಿ ಒಳಗೆ ತೂರಬೇಕು, ಕತ್ತಲೆ, ಮೇಲೆ ನೋಡಿದರೆ ತಗಡಿನ ಸಣ್ಣ ತೂತುಗಳಿಂದ ಬೆಳಕು ಬಂದು ನಕ್ಷತ್ರಗಳ ಹಾಗೆ. ಇದನ್ನು ಹುಡುಗನಿಗೆ ಸ್ವಲ್ಪ ಉತ್ಸಾಹದಿಂದಲೇ ವರ್ಣಿಸಿದೆ. ಅವನು ಕೇಳಿ, "ಮಳಿ ಬಂದ್ರ ಆ ತೂತಿನ್ಯಾಗಿಂದ ಸೋರ್ತೈತ್ರಿ" ಎಂದ.

ನನ್ನ ಉತ್ಸಾಹ ಇಳಿಯಿತು. ಇಳಿಯಬೇಕಾದದ್ದೇ. ಕಲೆ ನಮ್ಮ ಒಳ್ಳನ್ನು ಮರಳಿ ಕೊಡುವುದಿಲ್ಲ, ಸೂರಿನ ತೂತನ್ನು ಮುಚ್ಚುವುದಿಲ್ಲ. ಜಲಾಶಯವೇ ಬೇಡವಾಗಿತ್ತು ಎನ್ನುವ ಧೈರ್ಯವೂ ನನಗಿಲ್ಲ. ಕೃಷ್ಣಾ ಮೇಲ್ದಂಡೆಯ ಮೊದಲೆರಡು ಹಂತಗಳು 6 ಲಕ್ಷ ಹೆಕ್ಟೇರಿಗೂ ಮಿಕ್ಕ ಬರದ ನೆಲಕ್ಕೆ ನೀರು ಕಾಣಿಸಲು ಹೊರಟವು. ಯಾದಗಿರಿಯ ಕಡೆಯ ರೈತನೊಬ್ಬ ರೈಲಿನಲ್ಲಿ ನನ್ನ ಊರು ಕೇಳಿ ತಿಳಿದು, "ನಿಮ್ಮ ಉಪಕಾರರೀ" ಎಂದು ಕೈಮುಗಿದಾಗ ಎಲ್ಲಿ ನೋಡಬೇಕೆಂದು ನನಗೆ ತಿಳಿಯಲಿಲ್ಲ. ನನ್ನ ತಕರಾರು ಒಂದೇ. ಅಳೆಯುವವರ ಕಾಗದದಲ್ಲಿ ವಸ್ತುಗಳಿಗೆ ಮನೆಯಿತ್ತು, ಜಾಗಕ್ಕೆ ಇರಲಿಲ್ಲ. ಆ ತೂಕವನ್ನು ಲೆಕ್ಕಕ್ಕೆ ಹಿಡಿದವರು ಯಾರಾದರೂ ಇದ್ದರೆ ಅದು ಕಲ್ಲುಗಳನ್ನು ಹೊತ್ತು ಕೊಚ್ಚಿಗೆ ಹೋದ, ಮನೆಯ ಬಯಲಿಗೆ ಎರಕ ಹೊಯ್ದ, ಸೂರನ್ನು ರೇಷ್ಮೆಯಲ್ಲಿ ಹೊಲಿದ ಈ ಹುಚ್ಚರೇ.

ಲೆಕ್ಕ ಇನ್ನೂ ಮುಗಿದಿಲ್ಲವಾದ್ದರಿಂದ ಈ ಮಾತು. ಸರ್ವೋಚ್ಚ ನ್ಯಾಯಾಲಯದ 2000ನೆಯ ಇಸವಿಯ ತೀರ್ಪಿನಂತೆ ಆಲಮಟ್ಟಿಯಲ್ಲಿ ನೀರು ನಿಲ್ಲುವುದು 519.6 ಮೀಟರಿಗೆ. 524.256 ಮೀಟರಿಗೆ ಏರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಏರಿದರೆ ಇನ್ನಷ್ಟು ಹಳ್ಳಿಗಳು, ನಮ್ಮ ಹಳೆಯ ಊರಿನ ಉಳಿದ ಕೆಲವು ಭಾಗಗಳು ಗೆರೆಯ ಒಳಗೆ ಬೀಳುತ್ತವೆ. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯದ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿಶ್ಚಯಿಸಿತು. ಹಿಂದಿನವರಿಗೆ ಸಿಕ್ಕದ ಮೊತ್ತ, ಸಂತೋಷ. ಆ ಹಳ್ಳಿಗಳಲ್ಲಿ ಈಗ ಯಾರೂ ಮಾಳಿಗೆಗೆ ಮಣ್ಣು ಹಾಕಿಸುವುದಿಲ್ಲವೆಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ.

ಮೊನ್ನೆ ರವಿವಾರ, ಹೆಂಡತಿಯ ಪ್ರಶ್ನೆ ತಲೆಯಿಂದ ಇಳಿಯದೆ, ಅವಳನ್ನೂ ಅಪ್ಪನನ್ನೂ ಸೋದರತ್ತೆಯನ್ನೂ ಕರೆದುಕೊಂಡು ಹಳೆಯ ಊರಿಗೆ ಹೋದೆ. ಮೇ ತಿಂಗಳಲ್ಲಿ ಹಿನ್ನೀರು ಹಿಂದೆ ಸರಿದಿರುತ್ತದೆ. ಓಣಿ ಇದ್ದಲ್ಲಿ ಜಾಲಿಯ ಪೊದೆ, ಬಿರಿದ ಕರಿಮಣ್ಣು. ಅಪ್ಪ ಹಾಳುಗೋಡೆಗಳನ್ನು ನೋಡಿ ದಾರಿ ಹುಡುಕಿದರು; ತಪ್ಪಿದರು. ಅತ್ತೆ ನೋಡಲಿಲ್ಲ. ಕಣ್ಣು ಕೆಳಗೆ ಮಾಡಿ ಹೆಜ್ಜೆ ಎಣಿಸುವವರ ಹಾಗೆ ನಡೆದು, ಒಂದೆಡೆ ಎಡಕ್ಕೆ ಹೊರಳಿ, ಇಲ್ಲದ ಹೊಸ್ತಿಲೊಂದನ್ನು ಕಾಲೆತ್ತಿ ದಾಟಿದರು. ಆಮೇಲೆ ಕುಳಿತು ಮಣ್ಣು ಕೆದರಿದರು. ಎಡಬದಿಗೆ ಸವೆದ ಬಾಯಿ ಮೇಲೆ ಬಂತು. ಹೂಳು ತುಂಬಿತ್ತು, ಒಂದು ಶಂಖದ ಹುಳುವಿನ ಚಿಪ್ಪು ಇತ್ತು. ಅತ್ತೆ ಕುಡಿಯುವ ನೀರಿನ ಬಾಟಲಿಯಿಂದ ನೀರು ಸುರಿದು, ಸೆರಗಿನಿಂದ ಒರಸಿ, ಬೆರಳಾಡಿಸಿ ನೋಡಿದರು.

"ಜೆಸಿಬಿ ತರಿಸಿ ಎತ್ತಿಸೋಣೇನು?" ಎಂದೆ.

"ಎತ್ತಿ ಎಲ್ಲಿಡ್ತಿ?" ಎಂದರು ಅತ್ತೆ.

ಅಪ್ಪ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ನನ್ನ ಹೆಂಡತಿ, ಈ ಮನೆಯನ್ನು ಎಂದೂ ಕಾಣದವಳು, ಬಿಸಿಲಲ್ಲಿ ನಿಂತು ಅಡುಗೆಮನೆಯ ಕಿಟಕಿ ಯಾವ ಕಡೆಗಿತ್ತು, ಒಲೆ ಎಲ್ಲಿತ್ತು, ನೀರಿನ ಹಂಡೆ ಎಲ್ಲಿ ಎಂದು ಒಂದೊಂದಾಗಿ ಕೇಳಿದಳು. ಅತ್ತೆ ಕುಳಿತಲ್ಲಿಂದಲೇ ಕೈ ಮಾಡಿ ತೋರಿಸುತ್ತಿದ್ದರು. ಅಷ್ಟರಲ್ಲಿ ನನ್ನ ಫೋನು ಬಾರಿಸಿತು. ಮಿಕ್ಸರು ತಯಾರಾಗಿದೆ, ಬಂದು ಒಯ್ಯಿರಿ ಎಂದು ಅಂಗಡಿಯವನು ಹೇಳಿದ.